ಅಬೀರಿನ ಪೆಟ್ಟಿಗೆ

1782ರ ಡಿಸೆಂಬರ್ 7ರ ಸಂಜೆ ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಬೀಡಿನಿಂದ ಒಂದು ದೊಡ್ಡ ಪೆಟ್ಟಿಗೆ ಹೊರಟಿತು. ಸುತ್ತ ಕಾವಲು. ದಾರಿಯಲ್ಲಿ ಕಂಡವರು ತಿರುಗಿ ನೋಡುವಂಥದ್ದೇನೂ ಅದರಲ್ಲಿರಲಿಲ್ಲ. ಆರ್ಕಾಟು ಸೀಮೆಯಲ್ಲಿ ಎರಡು ವರ್ಷದಿಂದ ಕಾದಾಡುತ್ತಿದ್ದ ಮೈಸೂರು ದಂಡು ಬೆಲೆಬಾಳುವ ಸುಲಿಗೆಯನ್ನೆಲ್ಲ ಹೀಗೇ ಪೆಟ್ಟಿಗೆಗೆ ತುಂಬಿ, ಕಾವಲು ಕೊಟ್ಟು, ಘಟ್ಟದ ಮೇಲಕ್ಕೆ ಸಾಗಿಸುತ್ತಿತ್ತು. ಇನ್ನೊಂದು ಖಜಾನೆ ಹೊರಟಿತು ಅಂದುಕೊಂಡು ಸಿಪಾಯಿಗಳು ತಮ್ಮ ಒಲೆಗಳ ಕಡೆ ತಿರುಗಿರಬೇಕು. ಪೆಟ್ಟಿಗೆಯ ತುಂಬ ಇದ್ದದ್ದು ಅಬೀರು ಎಂಬ ಪರಿಮಳದ ಪುಡಿ. ಪುಡಿಯ ನಡುವೆ ಮಲಗಿದ್ದವನು ಆ ದಂಡಿನ ಒಡೆಯ, ನವಾಬ್ ಹೈದರಾಲಿ ಖಾನ್. ಪೆಟ್ಟಿಗೆ ಹೋಗಬೇಕಾದದ್ದು ಕೋಲಾರಕ್ಕೆ, ಅವನ ಅಪ್ಪನ ಗೋರಿಯ ಬಳಿಗೆ.

ಹೈದರನಿಗೆ ಆಗ ಅರವತ್ತರ ಆಸುಪಾಸು. ನವೆಂಬರಿನಲ್ಲಿ ಬೆನ್ನ ಮೇಲೆ ಎದ್ದ ಗಂಟು ಮೊದಮೊದಲು ಮಾಮೂಲಿ ಕುರುವಿನಂತೆ ಕಂಡಿತ್ತು. ಕನ್ನಡದಲ್ಲಿ ಈ ಹುಣ್ಣಿಗೆ ಬೆನ್ನುಫಣಿ ಎನ್ನುತ್ತಾರೆ. ಹಾವಿನ ಹೆಡೆಯಂತೆ ಅಗಲಕ್ಕೆ ಹರಡಿ, ಹಲವು ಬಾಯಿ ಬಿಟ್ಟುಕೊಂಡು ಕೀವು ಸುರಿಸುತ್ತದೆ. ಹಿಂದೂ ವೈದ್ಯರು ಅದನ್ನು ರಾಜಫೋಡ ಎಂದರು, ದೊಡ್ಡ ಮನುಷ್ಯರನ್ನೇ ಹುಡುಕಿಕೊಂಡು ಬರುವ ಹುಣ್ಣು ಎಂಬ ನಂಬಿಕೆಯಿಂದ. ಹಕೀಮರು ಸರತಾನ್ ಎಂದರು. ಹಾಗೆಂದರೆ ಅರಬ್ಬಿಯಲ್ಲಿ ಏಡಿ. ಇವತ್ತಿಗೂ ಆ ಭಾಷೆಯಲ್ಲಿ ಕ್ಯಾನ್ಸರಿಗೆ ಅದೇ ಮಾತು. ದಂಡಿನಲ್ಲಿದ್ದ ಫ್ರೆಂಚ್ ವೈದ್ಯರೂ ಬಂದು ನೋಡಿದರು. ಮೂರು ಪದ್ಧತಿಯವರು ಕೂಡಿ ಮಾಡಿದ ಉಪಚಾರ ಒಂದೂ ನಾಟಲಿಲ್ಲ. ಈ ಕಾಲದ ಡಾಕ್ಟರಾಗಿದ್ದರೆ ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ ಎನ್ನುತ್ತಿದ್ದರು, ಆಮೇಲೆ ಆ್ಯಂಟಿಬಯಾಟಿಕ್ ಬರೆಯುತ್ತಿದ್ದರು. ಪೆನಿಸಿಲಿನ್ ಕಣ್ಣಿಗೆ ಬಿದ್ದದ್ದು 1928ರಲ್ಲಿ. ಕುದುರೆಯ ಮೇಲೇ ಬದುಕು ಕಳೆದವನನ್ನು ಕತ್ತಿ, ಗುಂಡು ಯಾವುದೂ ಕೆಡವಲಿಲ್ಲ. ಒಂದು ಕುರು ಕೆಡವಿತು.

ಹಿರಿಯ ಮಗ ಹತ್ತಿರ ಇರಲಿಲ್ಲ. ಟಿಪ್ಪು ಆಗ ಪಶ್ಚಿಮ ಕರಾವಳಿಯ ಪೊನ್ನಾನಿಯಲ್ಲಿ ಇಂಗ್ಲಿಷರ ಪಡೆಯನ್ನು ಮುತ್ತಿ ನಿಂತಿದ್ದ. ನಡುವೆ ಒಂದು ಇಡೀ ಪರ್ಯಾಯ ದ್ವೀಪದ ಅಗಲ.

ಬೀಡಿನಲ್ಲಿ ಉಳಿದ ಆಪ್ತರಿಗೆ ಎದುರಾದ ಸಮಸ್ಯೆ ದುಃಖದ್ದಲ್ಲ, ದುಃಖವನ್ನು ಬಚ್ಚಿಡುವುದು ಹೇಗೆ ಎಂಬುದು. ಒಡೆಯ ಇಲ್ಲ ಎಂದು ಗೊತ್ತಾದರೆ ದಂಡು ಒಡೆಯುತ್ತದೆ, ಸಂಬಳ ಬಾಕಿ ಇದ್ದವರು ತಕರಾರು ತೆಗೆಯುತ್ತಾರೆ, ಎರಡನೆಯ ಮಗ ಅಬ್ದುಲ್ ಕರೀಮನನ್ನು ಮುಂದಿಟ್ಟುಕೊಂಡು ಆಟ ಆಡುವವರು ಹುಟ್ಟಿಕೊಳ್ಳುತ್ತಾರೆ. ಖಜಾನೆಯ ಹೊಣೆ ಹೊತ್ತಿದ್ದ ಪೂರ್ಣಯ್ಯ ಮತ್ತು ಕೃಷ್ಣರಾಯ ಮಿಕ್ಕ ಕೆಲವೇ ಮಂದಿಯನ್ನು ಒಳಗು ಮಾಡಿಕೊಂಡು ಸುದ್ದಿಯನ್ನು ಗುಡಾರದ ಪರದೆಯೊಳಗೇ ಕಟ್ಟಿಹಾಕಿದರು. ಇಬ್ಬರೂ ಬ್ರಾಹ್ಮಣರು, ಮುಸಲ್ಮಾನ ದೊರೆಯ ಹೆಣಕ್ಕೆ ದಾರಿ ಮಾಡುವ ಕೆಲಸ ಅವರ ಪಾಲಿಗೆ ಬಂತು. ಈ ಕತೆಯನ್ನು ವಿವರವಾಗಿ ಬರೆದಿಟ್ಟವನು ಮಾರ್ಕ್ ವಿಲ್ಕ್ಸ್. ಪೂರ್ಣಯ್ಯ ದಿವಾನನಾಗಿದ್ದ ಕಾಲದಲ್ಲೇ ಮೈಸೂರಿನಲ್ಲಿ ಇಂಗ್ಲಿಷರ ರೆಸಿಡೆಂಟ್ ಆಗಿದ್ದವನು; ಮೈಸೂರಿನ ಇತಿಹಾಸವನ್ನು 1810ರಿಂದ 1817ರ ನಡುವೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ.

ವಿಲ್ಕ್ಸ್ ಹೇಳುವ ಪ್ರಕಾರ ದಿನಚರಿ ಕಿಂಚಿತ್ತೂ ಬದಲಾಗಲಿಲ್ಲ. ನವಾಬರಿಗೆ ಮೈಯಲ್ಲಿ ಸ್ವಸ್ಥವಿಲ್ಲ, ಅಷ್ಟೆ. ದಂಡು ಪಶ್ಚಿಮಕ್ಕೆ, ಟಿಪ್ಪು ಬರುವ ದಿಕ್ಕಿಗೆ, ಮೆಲ್ಲಗೆ ಸಾಗಿತು. ಪ್ರತಿದಿನ ಮಾಮೂಲಿ ಹೊತ್ತಿಗೆ ಗುಡಾರದ ಆವರಣದಿಂದ ಹೈದರನ ಪಲ್ಲಕ್ಕಿ ಪರದೆ ಇಳಿಬಿಟ್ಟುಕೊಂಡು ಹೊರಬರುತ್ತಿತ್ತು. ಹಿಂದೆ ಮುಂದೆ ಅದೇ ಪರಿವಾರ. ರೋಗಿಗೆ ತೊಂದರೆಯಾಗದಿರಲಿ ಎಂದು ಎಲ್ಲರೂ ಸದ್ದಡಗಿಸಿ ನಡೆಯುತ್ತಿದ್ದರು. ಒಳಗೆ ಯಾರೂ ಇಲ್ಲದ ಪಲ್ಲಕ್ಕಿಗಾಗಿ ಸಾವಿರಾರು ಜನ ಪಿಸುಮಾತಿನಲ್ಲಿ ದಾರಿ ಸವೆಸಿದರು. ಹೈದರನ ದಾಯಾದಿ ಸೋದರ ಮುಹಮ್ಮದ್ ಅಮೀನನಿಗೆ ಮಾತ್ರ ವಾಸನೆ ಹತ್ತಿತು. ಕರೀಮನ ಹೆಸರಿನಲ್ಲಿ ಅಧಿಕಾರ ಹಿಡಿಯುವ ಹೊಂಚು ಹಾಕಿ ಸಿಕ್ಕಿಬಿದ್ದ. ಸಂಚುಗಾರರಿಗೆ ಬೇಡಿ ತೊಡಿಸಿ ಕಳಿಸಿದ್ದೂ ಹೈದರನ ಅಪ್ಪಣೆ ಎಂಬ ಹೆಸರಿನಲ್ಲೇ. ಸತ್ತವನು ಇನ್ನೂ ಹುಕುಂ ಕೊಡುತ್ತಿದ್ದ.

ಗುಟ್ಟು ಮದರಾಸಿಗೆ ಮಾತ್ರ ಬೇಗನೇ ಸೋರಿತು. ಗವರ್ನರ್ ಮಕಾರ್ಟ್ನಿ, ಈಗಲೇ ದಂಡೆತ್ತಿ ಹೋಗಿ ಎಂದು ಅವಸರಪಡಿಸಿದ. ಜನರಲ್ ಸ್ಟುವರ್ಟ್ ಹೈದರ್ ಸತ್ತದ್ದೇ ನಿಜವೋ ಸುಳ್ಳೋ ಎಂದು ಮೀನಮೇಷ ಎಣಿಸುತ್ತ ಕೂತ. ಪೂರ್ಣಯ್ಯ ಕೃಷ್ಣರಾಯರ ಜಾಣತನಕ್ಕೆ ಇಂಗ್ಲಿಷರ ಒಳಜಗಳವೂ ಕೈಜೋಡಿಸಿತು.

ಡಿಸೆಂಬರ್ 11ರ ಮಧ್ಯಾಹ್ನ ಟಿಪ್ಪುವಿಗೆ ಸುದ್ದಿ ಮುಟ್ಟಿತು. ತಂದೆ ತೀರಿಹೋಗಿ ನಾಲ್ಕೇ ದಿನ. ಆ ಕಾಲದ ದಾರಿಗಳಿಗೆ ಅದು ಗಾಳಿಯ ವೇಗ. ಮರುದಿನ ಬೆಳಗಾಗುವಷ್ಟರಲ್ಲಿ ಪೊನ್ನಾನಿಯ ಎದುರು ಮೈಸೂರು ದಂಡು ಇರಲಿಲ್ಲ. ಮುತ್ತಿಗೆಯನ್ನು ಬಿಟ್ಟು ಏಕೆ ಹೊರಟರು ಎಂದು ಒಳಗಿದ್ದ ಇಂಗ್ಲಿಷರಿಗೆ ಅರ್ಥವಾಗಲಿಲ್ಲ. ಮೂರು ವಾರ ಕಳೆದ ಮೇಲೆ ಟಿಪ್ಪು ತಂದೆಯ ಬೀಡನ್ನು ಸೇರಿದ. ಹೊತ್ತು ಮುಳುಗಿದ ಮೇಲೆ ಬಂದ. ಮೆರವಣಿಗೆ ಬೇಡ ಎಂದ. ಆ ರಾತ್ರಿ ಸರದಾರರನ್ನು ಕಂಡಾಗ ಮಸನದ್ ಏರದೆ ನೆಲದ ಮೇಲೆ ಹಾಸಿದ್ದ ಬರೀ ಜಮಖಾನದ ಮೇಲೆ ಕೂತಿದ್ದ. ಇದನ್ನು ದಾಖಲಿಸುವ ವಿಲ್ಕ್ಸನಿಗೆ ಆ ದುಃಖದ ಮೇಲೂ ಗುಮಾನಿ. ತೋರಿಕೆಯದು ಎಂಬಂತೆ ಬರೆಯುತ್ತಾನೆ. ಟಿಪ್ಪುವಿನ ಬಗ್ಗೆ ವಿಲ್ಕ್ಸ್ ಒಳ್ಳೆಯ ಮಾತಾಡುವುದೇ ಅಪರೂಪ, ಹಾಗಾಗಿ ಈ ಗುಮಾನಿಯನ್ನು ಅರ್ಧಕ್ಕೆ ಇಳಿಸಿ ಓದುವುದು ಕ್ಷೇಮ. ಅಪ್ಪನ ಮುಖ ನೋಡಲು ಬಂದ ಮಗನಿಗೆ ಅಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಹೆಣ ಕೋಲಾರ ಸೇರಿ ದಿನಗಳಾಗಿದ್ದವು. ಹಾಗಿರುವಾಗ ಜಮಖಾನದ ಮೇಲೆ ಕೂರುವುದಕ್ಕೆ ನಟನೆಯೇ ಬೇಕಾಗಿರಲಿಲ್ಲ.

ಹಳೇ ಮೈಸೂರು ಸೀಮೆಯಲ್ಲಿ ಸಾವಿನ ಮನೆಗೆ ಹೋಗಿ ಬಂದವರು ‘ಮಣ್ಣಿಗೆ ಹೋಗಿದ್ದೆ’ ಎನ್ನುತ್ತಾರೆ. ಹೂಳುವ ಪದ್ಧತಿ ಇರುವ ಮನೆತನಗಳಲ್ಲೆಲ್ಲ, ಲಿಂಗಾಯತರಿರಲಿ ಒಕ್ಕಲಿಗರಿರಲಿ ಮುಸಲ್ಮಾನರಿರಲಿ, ಗುಳಿಗೆ ಮೂರು ಹಿಡಿ ಮಣ್ಣು ಹಾಕುವುದು ಕಡೆಯ ಋಣ. ಮಗನದು ಮೊದಲ ಹಿಡಿ. ಮುಸಲ್ಮಾನರಲ್ಲಿ ಹೆಣಕ್ಕೆ ನೀರು ಹಾಕಿ, ಕಫನ್ ಸುತ್ತಿ, ಜನಾಜದ ನಮಾಜು ಮುಗಿಸಿ, ಆದಷ್ಟು ಅದೇ ದಿನ ಮಣ್ಣು ಮಾಡಬೇಕು. ಎತ್ತಿ ಇಡುವುದು, ಕಾಯುವುದು ಒಳ್ಳೆಯದಲ್ಲ. ‘ಮಣ್ಣಿಗೆ ಬರಲಿಲ್ಲ’ ಎಂಬ ದೂರು ನಮ್ಮ ಹಳ್ಳಿಗಳಲ್ಲಿ ಎರಡು ತಲೆಮಾರು ಬೇಕಾದರೂ ಬಾಳುತ್ತದೆ. ಮದುವೆಗೆ ಬರದವನನ್ನು ಕ್ಷಮಿಸುವವರೂ ಮಣ್ಣಿಗೆ ಬರದವನನ್ನು ಕ್ಷಮಿಸುವುದಿಲ್ಲ. ಹೈದರನ ಮಗ ಮಣ್ಣಿಗೆ ಬರಲಿಲ್ಲ. ಬರಲಾಗಲಿಲ್ಲ. ಆ ವಂಶದ ಮೂರು ನಾಲ್ಕು ತಲೆಮಾರನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ಒಬ್ಬನ ಕತೆಯೂ ಅಲ್ಲ. ಅಪ್ಪನನ್ನು ನೆಟ್ಟಗೆ ಬೀಳ್ಕೊಡುವ ಭಾಗ್ಯ ಆ ಮನೆಯ ಗಂಡುಮಕ್ಕಳಿಗೆ ಸುಲಭವಾಗಿ ಒದಗಿದ್ದೇ ಇಲ್ಲ.

ಹೈದರನದನ್ನೇ ನೋಡಿ. ಅವನು ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದ್ ಸಿರಾ ಸುಬೇದಾರರ ಕೈಕೆಳಗಿನ ಫೌಜುದಾರ. ಸುಬೇದಾರಿಕೆಯ ಜಗಳದಲ್ಲಿ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಅಣ್ಣ ಶಹಬಾಜನಿಗೆ ಎಂಟು ವರ್ಷ, ಹೈದರನಿಗೆ ಐದೋ ಆರೋ. ಮನೆಯವರು ಆಗ ದೊಡ್ಡಬಳ್ಳಾಪುರದಲ್ಲಿದ್ದರು. ಸತ್ತ ಫೌಜುದಾರ ಸಾಲ ಉಳಿಸಿ ಹೋಗಿದ್ದಾನೆ ಎಂದು ಅಲ್ಲಿನ ಅಬ್ಬಾಸ್ ಕುಲಿ ಖಾನ್ ಮನೆ ಜಪ್ತಿ ಮಾಡಿಸಿದ. ಎಲ್ಲಿ ಹಣ ಇಟ್ಟಿದ್ದೀಯ ಹೇಳು ಎಂದು ತಾಯಿಯನ್ನು ಪೀಡಿಸಲು ಮಕ್ಕಳನ್ನು ಹಿಡಿದ. ನಗಾರಿಯೊಳಗೆ ಅವರನ್ನು ಕೂರಿಸಿ, ಮೇಲೆ ಚರ್ಮ ಬಿಗಿದು, ಬಾರಿಸಿದ ಎಂದು ಹೈದರನ ಚರಿತ್ರೆ ಬರೆದವರು ಹೇಳುತ್ತಾರೆ. ಅಪ್ಪ ಸತ್ತ ಸುದ್ದಿಯ ಜೊತೆಗೆ ಆ ಮಗುವಿನ ಕಿವಿಗೆ ಬಿದ್ದದ್ದು ಈ ಸದ್ದು. ಶ್ರೀರಂಗಪಟ್ಟಣದಲ್ಲಿ ದಳವಾಯಿಯ ಚಾಕರಿಯಲ್ಲಿದ್ದ ದಾಯಾದಿಯೊಬ್ಬ ನಡುವೆ ಬಂದು ಬಿಡಿಸಿಕೊಂಡ. ಈ ಕುಟುಂಬಕ್ಕೂ ಶ್ರೀರಂಗಪಟ್ಟಣಕ್ಕೂ ಗಂಟು ಬಿದ್ದದ್ದು ಹೀಗೆ, ಒಂದು ಅನಾಥ ಮನೆಯ ಅಲೆದಾಟದಿಂದ.

1761ರಲ್ಲಿ ಹೈದರ್ ದೊಡ್ಡಬಳ್ಳಾಪುರವನ್ನು ಹಿಡಿದ. ಅಬ್ಬಾಸ್ ಕುಲಿ ಖಾನ್ ಮನೆಮಂದಿಯನ್ನು ಬಿಟ್ಟು ಮದರಾಸಿಗೆ ಓಡಿದ್ದ. ಹೈದರ್ ಅವನ ತಾಯಿಯನ್ನು ಗೌರವದಿಂದಲೇ ನಡೆಸಿಕೊಂಡ. ಮಗನ ಹೆದರಿಕೆ ಮಾತ್ರ ಇಳಿಯಲಿಲ್ಲ. ಆರು ವರ್ಷದ ಮೇಲೆ ಹೈದರ್ ಘಟ್ಟ ಇಳಿದು ಕರ್ನಾಟಿಕ್ ಬಯಲಿಗೆ ಬಂದಾಗ ಈ ಖಾನ್ ಮುರುಕು ಹಡಗೊಂದನ್ನು ಹತ್ತಿ ಸಮುದ್ರದ ಮೇಲೆ ಕೂತನಂತೆ. ಹೈದರ್ ತಿರುಗಿ ಘಟ್ಟ ಹತ್ತಿದ ಎಂಬುದು ಖಚಿತವಾಗುವ ತನಕ ದಡಕ್ಕೆ ಕಾಲಿಡಲಿಲ್ಲವಂತೆ. ನಗಾರಿ ಬಾರಿಸಿದವನಿಗೆ ಅದರ ಸದ್ದು ಮರೆತಿರಲಿಲ್ಲ.

ಫತೇ ಮುಹಮ್ಮದನ ಗೋರಿ ಇದ್ದದ್ದು ಕೋಲಾರದಲ್ಲಿ. ಪೆಟ್ಟಿಗೆಯನ್ನು ಅಲ್ಲಿಗೆ ಕಳಿಸಲು ಅದೇ ಕಾರಣ. ಚಿತ್ತೂರಿನಿಂದ ಪಲಮನೇರು, ಮುಳಬಾಗಿಲು ದಾಟಿ ಬರುವ ಈಗಿನ ಹೆದ್ದಾರಿಯಲ್ಲಿ ಬಸ್ಸು ಹತ್ತಿದವರಿಗೆ ಗೊತ್ತು, ಘಟ್ಟ ಹತ್ತಿದ ಮೇಲೆ ಮೊದಲು ಸಿಗುವ ದೊಡ್ಡ ಊರು ಕೋಲಾರ. ಗುಟ್ಟಾಗಿ, ಬೇಗ, ಮನೆಯ ಮಣ್ಣಿಗೆ ಸೇರಿಸುವುದಾದರೆ ಅದಕ್ಕಿಂತ ಹತ್ತಿರದ ಜಾಗ ಇನ್ನೊಂದಿರಲಿಲ್ಲ.

ಆದರೆ ಅದು ಕೊನೆಯ ಜಾಗವಾಗಲಿಲ್ಲ. ಹೀಗೆ ಒಂದು ಕಡೆ ಹೂತು, ಮುಂದೆ ತೆಗೆದು ಇನ್ನೊಂದು ಕಡೆಗೆ ಒಯ್ಯುವ ವಾಡಿಕೆಗೆ ಉರ್ದು ಬಲ್ಲವರು ‘ಅಮಾನತ್’ ಎನ್ನುತ್ತಾರೆ. ಕನ್ನಡ ಪತ್ರಿಕೆ ಓದುವವರಿಗೆ ಈ ಮಾತು ಚೆನ್ನಾಗಿ ಪರಿಚಯ: ತಪ್ಪು ಮಾಡಿದ ತಹಶೀಲ್ದಾರ್ ಅಮಾನತಿನಲ್ಲಿರುತ್ತಾನೆ. ಮೂಲದಲ್ಲಿ ಅದರ ಅರ್ಥ ನಂಬಿಕೆಯ ಮೇಲೆ ಒಪ್ಪಿಸಿಟ್ಟ ಒಡವೆ. ಹೆಣವನ್ನು ಮಣ್ಣಿಗೆ ಕೊಟ್ಟದ್ದಲ್ಲ, ಮಣ್ಣಿನ ವಶದಲ್ಲಿ ಇಟ್ಟದ್ದು; ಆಮೇಲೆ ಕೇಳಿ ಪಡೆಯುತ್ತೇವೆ. ಮೊಗಲರ ಮನೆಯಲ್ಲಿ ಇದು ಹಳೆಯ ರೂಢಿ. ಬಾಬರ್ 1530ರಲ್ಲಿ ಆಗ್ರಾದಲ್ಲಿ ಸತ್ತ, ಅಲ್ಲೇ ತೋಟದಲ್ಲಿ ಹೂತರು, ವರ್ಷಗಳ ಮೇಲೆ ಕಾಬೂಲಿಗೆ ಒಯ್ದರು. ಮುಮ್ತಾಜ್ ಮಹಲ್ 1631ರ ಜೂನಿನಲ್ಲಿ ಬುರ್ಹಾನ್‌ಪುರದ ಬೀಡಿನಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ತಾಪಿ ನದಿಯ ದಡದ ತೋಟದಲ್ಲಿ ಆರು ತಿಂಗಳು ಇದ್ದು, ಆಗ್ರಾಕ್ಕೆ ಬಂದಳು. ಹೈದರನ ಹೆಣ ಕೋಲಾರದಲ್ಲಿ ಅಮಾನತಿನಲ್ಲಿದ್ದದ್ದು ಮಗ ಶ್ರೀರಂಗಪಟ್ಟಣದಲ್ಲಿ ಜಾಗ ಸಿದ್ಧಮಾಡುವ ತನಕ.

ಮಗ ಅಪ್ಪನಿಗಾಗಿ ಕಲ್ಲು ನಿಲ್ಲಿಸುವುದು ಈ ನಾಡಿಗೆ ಪರ್ಷಿಯಾದ ಕಡೆಯಿಂದ ಬಂದ ಸಂಗತಿಯೇನೂ ಅಲ್ಲ. ಶ್ರೀರಂಗಪಟ್ಟಣದಿಂದ ಕಾವೇರಿಯ ಕೆಳಗಡೆ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ದೊಡ್ಡಹುಂಡಿ ಎಂಬ ಊರಿದೆ. ಅಲ್ಲಿ ಸಿಕ್ಕ ಒಂಬತ್ತನೆಯ ಶತಮಾನದ ಗಂಗರ ಕಲ್ಲಿನ ಮೇಲೆ ದೊರೆ ನೀತಿಮಾರ್ಗ ಎರೆಗಂಗನ ಸಾವಿನ ಗಳಿಗೆಯನ್ನೇ ಕೊರೆದಿದ್ದಾರೆ. ದೊರೆ ಮಂಚದ ಮೇಲೆ ಒರಗಿದ್ದಾನೆ. ಮನೆಯ ಆಳು ಅಗರಯ್ಯ ಪಕ್ಕದಲ್ಲಿ ಆತುಕೊಂಡು ಕೂತಿದ್ದಾನೆ. ಮಗ ಸತ್ಯವಾಕ್ಯ ಎದುರಿಗೆ ನಿಂತಿದ್ದಾನೆ, ಅಷ್ಟೆ. ಯುದ್ಧವಿಲ್ಲ, ಕುದುರೆಯಿಲ್ಲ, ವೀರಗಲ್ಲುಗಳಲ್ಲಿ ಕಾಣುವ ಅಪ್ಸರೆಯರ ಸಡಗರವಿಲ್ಲ. ಕಾಯಿಲೆಯ ಮನೆಯಲ್ಲಿ ಏನೂ ಮಾಡಲಾಗದೆ ನಿಂತ ಮಗನನ್ನು ನೋಡಿದವರಿಗೆ ಈ ಕಲ್ಲು ಸಾವಿರದ ನೂರು ವರ್ಷ ಹಳೆಯದು ಅನ್ನಿಸುವುದೇ ಇಲ್ಲ. ಜೈನರಲ್ಲಿ ಸತ್ತವರ ನೆನಪಿಗೆ ಮಾಡಿಸುವುದನ್ನು ‘ಪರೋಕ್ಷ ವಿನಯ’ ಎಂದು ಶಾಸನಗಳು ಕರೆಯುತ್ತವೆ. ಎದುರಿಗಿಲ್ಲದವರಿಗೆ ಸಲ್ಲಿಸುವ ವಿನಯ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ತೀರಿಕೊಂಡಾಗ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅಪ್ಪನಿಗಿದ್ದ ದ್ರೋಹಘರಟ್ಟ ಎಂಬ ಬಿರುದನ್ನೇ ಬಸದಿಗೂ ಇಟ್ಟ. ಹೊಯ್ಸಳೇಶ್ವರ ನೋಡಿ ಬಸ್ಸಿಗೆ ಓಡುವವರು ಅಲ್ಲಿಂದ ಕೂಗಳತೆಯಲ್ಲಿರುವ ಆ ಬಸದಿಗೆ ಕಾಲಿಡುವುದು ಕಡಿಮೆ. ಒಳಗಿನ ಕರಿಕಲ್ಲಿನ ಕಂಬಗಳಲ್ಲಿ ಮುಖ ಕಾಣುತ್ತದೆ, ಅಷ್ಟು ನಯ.

ಹೈದರನ ಗೋರಿಯ ಗುಂಬಜಿನಲ್ಲೂ ಕರಿಕಲ್ಲು, ಅದೇ ನಯ. ಶ್ರೀರಂಗಪಟ್ಟಣ ದ್ವೀಪದ ಪೂರ್ವದ ತುದಿಗೆ, ಗಂಜಾಮಿನಾಚೆ, ಲಾಲ್‌ಬಾಗ್ ಎಂಬ ತೋಟದ ನಡುವೆ ಟಿಪ್ಪು ಅದನ್ನು ಕಟ್ಟಿಸಿದ. ಕೆಲಸ 1784ರ ಹೊತ್ತಿಗೆ ಮುಗಿಯಿತು. ಇದೇ ಎರಡು ವರ್ಷಗಳಲ್ಲಿ ಅವನು ಬಿದನೂರನ್ನು ಇಂಗ್ಲಿಷರಿಂದ ಬಿಡಿಸಿಕೊಂಡ, ತಿಂಗಳುಗಟ್ಟಲೆ ಮಂಗಳೂರಿಗೆ ಮುತ್ತಿಗೆ ಹಾಕಿದ, 1784ರ ಮಾರ್ಚಿನಲ್ಲಿ ಅಲ್ಲೇ ಒಪ್ಪಂದಕ್ಕೆ ರುಜು ಹಾಕಿಸಿಕೊಂಡ. ಅಂದರೆ ಒಂದು ಕೈಯಲ್ಲಿ ಯುದ್ಧ, ಇನ್ನೊಂದು ಕೈಯಲ್ಲಿ ಈ ಕಟ್ಟಡ. ಎತ್ತರದ ಜಗಲಿಯ ಮೇಲೆ ಚೌಕನೆಯ ಮನೆ, ಅದರ ಮೇಲೆ ಬೆಳ್ಳಗೆ ಉಬ್ಬಿದ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಸುತ್ತಲಿನ ಪಡಸಾಲೆಯನ್ನು ಹೊತ್ತಿರುವುದು 36 ಕರಿಕಲ್ಲಿನ ಕಂಬ. ಕಿಟಕಿಗಳಿಗೆ ಕಲ್ಲಿನಲ್ಲೇ ಕೊರೆದ ಜಾಲಂಧ್ರ. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಗೋಡೆಯ ಮೇಲೆ, ಗುಮ್ಮಟದ ಒಳಮೈ ಮೇಲೆ ಹುಲಿಯ ಪಟ್ಟೆಗಳು ಒಂದೊಂದಾಗಿ ಎದ್ದು ಬರುತ್ತವೆ. ಹುಲಿ ಮಗನ ಗುರುತು. ಅಪ್ಪನ ಗೋರಿಯ ಮನೆಗೆ ತನ್ನ ಸಹಿಯನ್ನೇ ಒಳಗಿನಿಂದ ಹೊದಿಸಿದ ಹಾಗಿದೆ.

ಬಿಜಾಪುರದ ಸುಲ್ತಾನರು ಈ ವಿಷಯದಲ್ಲಿ ಬೇರೆ ಜಾತಿ. ಮುಹಮ್ಮದ್ ಆದಿಲ್‌ಶಾಹ ಗೋಲಗುಮ್ಮಟವನ್ನು ಬದುಕಿದ್ದಾಗಲೇ ಕಟ್ಟಿಸಿದ, 1656ರಲ್ಲಿ ಹೋಗಿ ಅದರೊಳಗೆ ಮಲಗಿದ. ಮಗ ಎರಡನೆಯ ಅಲಿ ಅಪ್ಪನನ್ನು ಮೀರಿಸಲು ಬಾರಾಕಮಾನ್ ಶುರುಮಾಡಿ 1672ರಲ್ಲಿ ಅರ್ಧಕ್ಕೇ ಸತ್ತ. ಉಳಿದವನು ನಾಲ್ಕು ವರ್ಷದ ಸಿಕಂದರ್. ಮುಗಿಸುವವರು ಯಾರು? ಕಮಾನುಗಳು ಇವತ್ತೂ ಮೇಲೆ ಮಾಡಿಲ್ಲದೆ ನಿಂತಿವೆ. ಸ್ವಂತ ಗೋರಿಗೆ ಕಲ್ಲು ಹೊರಿಸುವಷ್ಟು ಪುರುಸೊತ್ತು ಹೈದರನಿಗೆ ಇರಲಿಲ್ಲ, ಆ ಸ್ವಭಾವವೂ ಅವನದಲ್ಲ. ಅವನ ಪಾಲಿಗೆ ಮಗ ಇದ್ದ.

ಗುಂಬಜಿನ ಒಳಗೆ ಮೊದಲು ಬಂದವನು ಹೈದರ್, ಕೋಲಾರದಿಂದ. ಆಮೇಲೆ ಟಿಪ್ಪುವಿನ ತಾಯಿ ಫಖ್ರುನ್ನೀಸಾ. ಮೂರನೆಯ ಗೋರಿಗೆ ಹದಿನೈದು ವರ್ಷ ಬೇಕಾಯಿತು.

ಅದಕ್ಕೆ ಮುಂಚೆ ಇನ್ನೊಂದು ಬೀಳ್ಕೊಡುಗೆ ಆಯಿತು, ತಿರುವು ಮುರುವಾಗಿ. ಯುದ್ಧದಲ್ಲಿ ಸೋತು ಇಂಗ್ಲಿಷರೊಂದಿಗೆ ಮಾಡಿಕೊಂಡ 1792ರ ಒಪ್ಪಂದದ ಪ್ರಕಾರ ದಂಡದ ಹಣ ಪೂರ್ತಿ ಸಲ್ಲುವ ತನಕ ಟಿಪ್ಪು ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಫೆಬ್ರವರಿ 26ರಂದು ಅಬ್ದುಲ್ ಖಾಲಿಕ್ ಮತ್ತು ಮೊಯಿಜುದ್ದೀನ್ ಆನೆಗಳ ಮೇಲೆ ಇಂಗ್ಲಿಷರ ಬೀಡಿಗೆ ಹೊರಟರು. ದೊಡ್ಡವನಿಗೆ ಹತ್ತರ ಸುಮಾರು, ಚಿಕ್ಕವನಿಗೆ ಎಂಟು. ಕೋಟೆಯ ಮೇಲಿನಿಂದ ತೋಪು ಹಾರಿದವು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಒಬ್ಬೊಬ್ಬರಿಗೆ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಲಂಡನ್ನಿನಲ್ಲಿ ಈ ದೃಶ್ಯದ ಚಿತ್ರಗಳು ಬಿಸಿ ಬಿಸಿ ಖರ್ಚಾದವು. ಎರಡು ವರ್ಷ ಕಳೆದು, 1794ರ ಮಾರ್ಚಿನಲ್ಲಿ, ಟಿಪ್ಪು ಹುಟ್ಟಿದ ದೇವನಹಳ್ಳಿಯಲ್ಲೇ ಮಕ್ಕಳು ತಿರುಗಿ ಅಪ್ಪನ ಕೈಗೆ ಬಂದರು.

ಆ ಅಬ್ದುಲ್ ಖಾಲಿಕನನ್ನು ಐದು ವರ್ಷದ ನಂತರ ಮತ್ತೆ ನೋಡುತ್ತೇವೆ. 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ಕೈಗೆ ಬಿತ್ತು. ಟಿಪ್ಪು ಎಲ್ಲಿ ಎಂದು ರಾತ್ರಿ ದೀವಟಿಗೆ ಹಿಡಿದು ಹುಡುಕಿದರು. ಬಾಗಿಲ ಕಮಾನಿನ ಕೆಳಗೆ ಹೆಣಗಳ ರಾಶಿಯಲ್ಲಿ ಸಿಕ್ಕ. ಮೈ ಇನ್ನೂ ಬಿಸಿ ಇತ್ತು, ಕಣ್ಣು ತೆರೆದಿತ್ತು. ಜೀವ ಇದೆಯೇನೋ ಎಂದು ನಾಡಿ ಹಿಡಿದು ನೋಡಿದರು. ಪಲ್ಲಕ್ಕಿಯಲ್ಲಿ ಅರಮನೆಗೆ ತಂದು, ಮನೆಯವರಿಂದ ಗುರುತು ಹಿಡಿಸಿ, ಮರುದಿನ ಇಳಿಹೊತ್ತಿಗೆ ಹೊರಡಿಸಿದರು. ದಾರಿಯ ಉದ್ದಕ್ಕೂ ಗೋರಾ ಸಿಪಾಯಿಗಳ ನಾಲ್ಕು ಕಂಪನಿ. ಸಂದೂಕನ್ನು ಹೊತ್ತವರು ಟಿಪ್ಪುವಿನ ಸ್ವಂತ ಆಳುಗಳು. ಅದರ ಹಿಂದೆಯೇ ಕುದುರೆಯ ಮೇಲೆ ಅಬ್ದುಲ್ ಖಾಲಿಕ್. ಹಿಂದಿನ ರಾತ್ರಿಯಷ್ಟೇ ಲೂಟಿಗೆ ಸಿಕ್ಕಿದ್ದ ಊರಿನ ಜನ ಬೀದಿಯ ಎರಡೂ ಬದಿಗೆ ನಿಂತು, ಕೆಲವರು ನೆಲಕ್ಕೆ ಬಿದ್ದು, ಗೋಳಾಡಿದರು ಎಂದು ಆ ಯುದ್ಧದ ಚರಿತ್ರೆ ಬರೆದ ಅಲೆಕ್ಸಾಂಡರ್ ಬೀಟ್ಸನ್ ಹೇಳುತ್ತಾನೆ. ಗುಂಬಜಿನ ಬಾಗಿಲಲ್ಲಿ ಗ್ರೆನೇಡಿಯರ್‌ಗಳು ಬಂದೂಕು ಎತ್ತಿ ಮರ್ಯಾದೆ ಕೊಟ್ಟರು. ಖಾಜಿ ನಮಾಜು ಓದಿಸಿದ. ಬಡಬಗ್ಗರಿಗೆ 5,000 ರೂಪಾಯಿ ಹಂಚಿದರು. ಅಷ್ಟು ಹೊತ್ತಿಗೆ ಗುಡುಗು ಸಿಡಿಲಿನ ಮಳೆ ಹಿಡಿಯಿತು. ಬೊಂಬಾಯಿ ದಂಡಿನ ಇಬ್ಬರು ಅಧಿಕಾರಿಗಳು ಸಿಡಿಲು ಬಡಿದು ಸತ್ತರು. ಮೇ ತಿಂಗಳ ಸಂಜೆ ಮಂಡ್ಯ ಸೀಮೆಯಲ್ಲಿ ಸಿಡಿಲು ಬೀಳುವುದು ಹೊಸದಲ್ಲ. ಅವತ್ತು ನೋಡಿದವರಿಗೆ ಅದು ಹಾಗೆ ಕಾಣಲಿಲ್ಲ.

ಒಬ್ಬ ಮಗನಂತೂ ಕೊನೆಗೂ ಅಪ್ಪನ ಮಣ್ಣಿಗೆ ಬಂದಿದ್ದ. ಕಾವಲು ಮಾತ್ರ ಅಪ್ಪನನ್ನು ಕೊಂದ ದಂಡಿನದು. ಅದೇ ದಂಡಿನವರು ಕೊಟ್ಟ ಗಡಿಯಾರದಲ್ಲಿ ಬಾಲ್ಯದ ಎರಡು ವರ್ಷ ಎಣಿಸಿದವನು ಅವನು. ಹಿರಿಯ ಮಗ ಫತೇ ಹೈದರ್, ಮುತ್ತಾತನ ಹೆಸರು ಅಜ್ಜನ ಹೆಸರು ಎರಡನ್ನೂ ಹೊತ್ತವನು, ಆ ಹೊತ್ತಿಗೆ ಸೈನ್ಯದೊಂದಿಗೆ ಕೋಟೆಯ ಹೊರಗಿದ್ದ. ಕೆಲವು ದಿನದ ಮೇಲೆ ಶರಣಾದ. ಗುಂಬಜಿನಲ್ಲಿ ಮಣ್ಣು ಅಷ್ಟರಲ್ಲಿ ಒಣಗಿತ್ತು.

ಜೂನಿನಲ್ಲಿ ಟಿಪ್ಪುವಿನ ಮಕ್ಕಳನ್ನು ವೆಲ್ಲೂರು ಕೋಟೆಗೆ ಸಾಗಿಸಿದರು. ಹೆಂಗಸರು ಮಕ್ಕಳು ಚಾಕರರು ಎಲ್ಲ ಹಿಂದಿನಿಂದ ಹೋದರು. ಹೈದರನ ಇನ್ನೊಬ್ಬ ಪತ್ನಿ ಬಕ್ಷಿ ಬೇಗಂ ಅಲ್ಲೇ ಮಣ್ಣಾದಳು. ಗುಂಬಜಿನಲ್ಲಿ ಗಂಡ, ವೆಲ್ಲೂರಿನ ಕೋಟೆಯಾಚೆ ಅವಳು. 1806ರ ಜುಲೈ 10ರ ಸಿಪಾಯಿ ದಂಗೆಯಾದ ಮೇಲೆ ಅಲ್ಲಿಯೂ ಇರಗೊಡದೆ ಕುಟುಂಬವನ್ನು ಕಲ್ಕತ್ತೆಗೆ ದಾಟಿಸಿದರು. ಕೋಲಾರದ ಸೀಮೆಯಿಂದ ಎದ್ದ ಮನೆ ಹೂಗ್ಲಿಯ ದಡಕ್ಕೆ ಹೋಗಿ ನೆಲೆ ನಿಂತಿತು. ಇತ್ತ ಪೂರ್ಣಯ್ಯ ಮೈಸೂರಿನಲ್ಲೇ ಉಳಿದ, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ದಿವಾನನಾಗಿ 1811ರ ತನಕ. ಅಬೀರಿನ ಪೆಟ್ಟಿಗೆ ಕಳಿಸಿದ ಕೈಯಿಂದಲೇ ಹೊಸ ಆಳ್ವಿಕೆಯ ಲೆಕ್ಕವನ್ನೂ ಬರೆದ.

ಕಲ್ಕತ್ತೆಯ ಧರ್ಮತಲಾದಲ್ಲಿ ಟ್ರಾಮು ಬಸ್ಸುಗಳ ಗದ್ದಲದ ನಡುವೆ ಹಲವು ಗುಮ್ಮಟಗಳ ಒಂದು ಮಸೀದಿ ಇದೆ. 1842ರಲ್ಲಿ ಅದನ್ನು ಕಟ್ಟಿಸಿದವನು ಟಿಪ್ಪುವಿನ ಕಿರಿಯ ಮಗ ಗುಲಾಂ ಮುಹಮ್ಮದ್. ಅಪ್ಪ ಸತ್ತಾಗ ಅವನಿಗೆ ನಾಲ್ಕು ವರ್ಷ. ಅಜ್ಜ ಹೈದರ್ ಅಪ್ಪನನ್ನು ಕಳೆದುಕೊಂಡ ವಯಸ್ಸಿಗೆ ಹತ್ತಿರ. ಮಸೀದಿಯ ಕಲ್ಲಿನ ಬರಹ ಹೇಳುವುದು ಅಪ್ಪನ ನೆನಪನ್ನಲ್ಲ. ದೇವರಿಗೆ ಕೃತಜ್ಞತೆ, ಜೊತೆಗೆ 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳು ತನ್ನ ಪಿಂಚಣಿ ಬಾಕಿಯನ್ನು ಮಂಜೂರು ಮಾಡಿದ್ದರ ಸ್ಮರಣೆ. ಅಪ್ಪನ ಹೆಸರು ಬರುವುದು ಕಟ್ಟಿಸಿದವನು ಯಾರ ಮಗ ಎಂದು ಹೇಳುವ ಕಡೆ. ಆದರೂ ಊರಿಗೆ ಊರೇ ಅದನ್ನು ಕರೆಯುವುದು ಟಿಪ್ಪು ಸುಲ್ತಾನ್ ಮಸೀದಿ ಎಂದು.

ಗುಂಬಜಿನ ಬಾಗಿಲುಗಳು ಅಲ್ಲಿನ ಮೂಲದವಲ್ಲ. ಕರಿಮರಕ್ಕೆ ದಂತದ ಕುಸುರಿ ಕೂರಿಸಿದ ಆ ಕದಗಳನ್ನು 1855ರಲ್ಲಿ ಕೊಟ್ಟವನು ಗವರ್ನರ್ ಜನರಲ್ ಡಾಲ್‌ಹೌಸಿ. ಕದದ ಒಂದು ಮೈಗೆ ಕೈಯಿಟ್ಟು ನೋಡಿದರೆ ದಂತದ ಬಳ್ಳಿ ಬೆರಳಿಗೆ ತಟ್ಟುವುದೇ ಇಲ್ಲ, ಮರಕ್ಕೂ ದಂತಕ್ಕೂ ಅಷ್ಟು ಸಮ. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದವರು ಮೊದಲು ಕೇಳುವುದು ಟಿಪ್ಪುವಿನದು ಯಾವುದು ಎಂದು. ಬಹಳ ಮಂದಿ ನಡುವಿನದು ಅಂದುಕೊಂಡು ಅದರ ಎದುರಿಗೇ ಹೋಗಿ ನಿಲ್ಲುತ್ತಾರೆ. ನಡುವಿನದು ಅಪ್ಪನದು. ಮಗನದು ಪಕ್ಕದಲ್ಲಿದೆ.